ಪಟ್ಟಿಯಲ್ಲಿ ಇಲ್ಲದ ಲೋಟ

ಕಳೆದ ದೀಪಾವಳಿ ಕಳೆದು ವಾರವಾಗಿತ್ತು. ವಡೋದರದ ನಮ್ಮ ಫ್ಲ್ಯಾಟಿನ ಬಾಲ್ಕನಿಯಲ್ಲಿ ಚಹಾ ಹಿಡಿದು ಕೂತಿದ್ದಾಗ ಊರಿನಿಂದ ದೊಡ್ಡಪ್ಪನ ಮಗನ ಫೋನು ಬಂತು. "ಹಳೇ ಮನೆಯನ್ನು ಮಾರುವುದು ಬೇಡ, ಮ್ಯೂಸಿಯಂ ಮಾಡುವಾ" ಅಂದ. ಹೊನ್ನಾವರ ತಾಲೂಕಿನ ಕಡಲಂಚಿನಲ್ಲಿ, ತೆಂಗಿನ ತೋಟದ ನಡುವೆ ಇರುವ ಆ ಮನೆಗೆ ನೂರು ವರ್ಷ ದಾಟಿದೆ. ಜಗುಲಿಯಲ್ಲಿ ಕೂತರೆ ಅಲೆಯ ಸದ್ದು ಕೇಳುತ್ತದೆ, ಮಳೆಗಾಲದಲ್ಲಿ ಉಪ್ಪುಗಾಳಿಗೆ ಕಿಟಕಿಯ ಸರಳು ತುಕ್ಕು ಹಿಡಿಯುತ್ತದೆ. ಅಲ್ಲೀಗ ಯಾರೂ ವಾಸವಿಲ್ಲ. ನಾವು ಏಳು ಮೊಮ್ಮಕ್ಕಳು ಏಳು ಊರು ಸೇರಿದ್ದೇವೆ.

ಅದೇ ಸಂಜೆ ವಾಟ್ಸಾಪಿನಲ್ಲಿ ಒಂದು ಪಟ್ಟಿ ಬಂತು. ಪ್ರದರ್ಶನಕ್ಕಿಡುವ ವಸ್ತುಗಳು: ಹಿತ್ತಾಳೆಯ ತೂಗುದೀಪ, ಕಡೆಗೋಲು, ಭತ್ತ ಅಳೆಯುವ ಕೊಳಗ, ಅಜ್ಜನ ಬೆತ್ತ, ಉಪ್ಪಿನಕಾಯಿ ಭರಣಿಗಳು, ದೇವರ ಕೋಣೆಯ ರವಿವರ್ಮನ ಪಟ. ಒಟ್ಟು ನಲವತ್ತೊಂದು. ಓದುತ್ತಾ ಖುಷಿಯಾಯಿತು. ಆದರೆ ಓದಿ ಮುಗಿಸುವಾಗ ಪಟ್ಟಿಯಲ್ಲಿಲ್ಲದ ಒಂದು ವಸ್ತು ನೆನಪಾಯಿತು. ಅದರ ವಿಷಯ ಆಮೇಲೆ ಹೇಳುತ್ತೇನೆ.

ಆವತ್ತಿನಿಂದ ಈ ಗುಜರಾತಿನಲ್ಲಿ ಯಾವ ಮ್ಯೂಸಿಯಮ್ಮಿಗೆ ಹೋದರೂ ನನ್ನ ಕಣ್ಣು ಬೇರೆಯಾಗಿಬಿಟ್ಟಿದೆ. ಇಪ್ಪತ್ತು ವರ್ಷದಿಂದ ಇಲ್ಲಿದ್ದೇನೆ. ಊರಿನಿಂದ ನೆಂಟರು ಬಂದಾಗಲೆಲ್ಲ ಇವನ್ನು ತೋರಿಸಿದ್ದೇನೆ. ಆಗ ನೋಡುತ್ತಿದ್ದದ್ದು ವಸ್ತುಗಳನ್ನು. ಈಗ ಬಾಗಿಲುಗಳನ್ನು ನೋಡುತ್ತೇನೆ. ಈ ಬಾಗಿಲಿನಿಂದ ಮೊದಲು ಯಾರು ಒಳಗೆ ಹೋಗುತ್ತಿದ್ದರು, ಯಾರು ಹೊರಗೆ ನಿಲ್ಲುತ್ತಿದ್ದರು ಎಂದು.

ಕೆಲಸದ ಮೇಲೆ ಸೂರತ್ತಿಗೆ ಹೋದಾಗ ತಾಪಿ ನದಿಯ ದಡದ ಹಳೆಯ ಕೋಟೆಗೆ ಹೋಗಿದ್ದೆ. ಹದಿನಾರನೆಯ ಶತಮಾನದಲ್ಲಿ, ಸಮುದ್ರದ ಕಡೆಯಿಂದ ಬರುತ್ತಿದ್ದ ಪೋರ್ಚುಗೀಸರ ದಾಳಿಗೆ ತಡೆಯಾಗಿ, ಗುಜರಾತಿನ ಸುಲ್ತಾನನ ಆಜ್ಞೆಯಂತೆ ಕಟ್ಟಿದ್ದು. ಈಗ ದುರಸ್ತಿಯಾಗಿ ಮ್ಯೂಸಿಯಂ ಆಗಿದೆ. ಅಲ್ಲಿ ನನಗೆ ಯಾವ ಇರುಸುಮುರುಸೂ ಆಗಲಿಲ್ಲ. ಕೋಟೆ ಇರುವುದೇ ಜನರನ್ನು ಹೊರಗಿಡಲಿಕ್ಕೆ. ಅದು ಆ ವಿಷಯದಲ್ಲಿ ಸುಳ್ಳು ಹೇಳುವುದಿಲ್ಲ. ದಪ್ಪ ಗೋಡೆಯೇ ಎಲ್ಲ ಹೇಳುತ್ತದೆ. ಮನೆಯ ಮಾತು ಹಾಗಲ್ಲ. ಮನೆ 'ಬನ್ನಿ' ಅನ್ನುತ್ತಲೇ ಕೆಲವರನ್ನು ಅಂಗಳದಲ್ಲಿ ನಿಲ್ಲಿಸುತ್ತದೆ. ಕೋಟೆ ಮ್ಯೂಸಿಯಂ ಆದರೆ ಅದು ಇತಿಹಾಸ. ಮನೆ ಮ್ಯೂಸಿಯಂ ಆಗುವಾಗ ಮಾತ್ರ ಲೆಕ್ಕ ಕೊಡಬೇಕಾಗುತ್ತದೆ.

ನಮ್ಮ ವಡೋದರದಲ್ಲಿ ಲಕ್ಷ್ಮೀವಿಲಾಸ ಅರಮನೆಯ ಆವರಣದಲ್ಲೇ ಮಹಾರಾಜಾ ಫತೇಸಿಂಗ್ ಮ್ಯೂಸಿಯಂ ಇದೆ. ಒಂದು ಕಾಲದಲ್ಲಿ ರಾಜಮನೆತನದ ಮಕ್ಕಳಿಗಾಗಿ ಕಟ್ಟಿದ ಶಾಲೆ ಅದು. ಮೂರನೆಯ ಸಯಾಜಿರಾವ್ ಗಾಯಕವಾಡರು ರವಿವರ್ಮನಿಂದ ಬರೆಸಿದ ಚಿತ್ರಗಳು ಅಲ್ಲಿವೆ. 1896ರ ಸರಸ್ವತಿಯ ಮುಂದೆ ನಿಂತಾಗ ಹೆಂಡತಿ ಮೆಲ್ಲಗೆ, "ಇದು ನಿಮ್ಮ ಊರ ಮನೆಯ ಪಟ ಅಲ್ಲವಾ?" ಅಂದಳು. ಹೌದು. ರವಿವರ್ಮ 1894ರಲ್ಲಿ ಮುಂಬಯಿಯಲ್ಲಿ ಅಚ್ಚಿನ ಪ್ರೆಸ್ಸು ಹಾಕಿದ ಮೇಲೆ ಅವನ ದೇವತೆಗಳು ದೇಶದ ಮನೆಮನೆಗೆ ಹೋದರು. ಅರಮನೆಯೊಳಗೆ ಕಾಲಿಡಲಾಗದವರ ಗೋಡೆಯ ಮೇಲೂ ಅರಮನೆಯ ಸರಸ್ವತಿ ಬಂದು ಕೂತಳು.

ಊರಿನ ನಮ್ಮ ಪಟದ ಗಾಜಿನ ಮೇಲೆ ಅಜ್ಜಿ ದಿನಾ ಕುಂಕುಮ ಇಡುತ್ತಿದ್ದಳು. ಹಚ್ಚಿ ಹಚ್ಚಿ ಸರಸ್ವತಿಯ ಹಣೆಯೇ ಕಾಣದಂತಾಗಿತ್ತು. ಇಲ್ಲಿ ಮೂಲಚಿತ್ರವನ್ನು ಮುಟ್ಟುವಂತಿಲ್ಲ. ಮುಟ್ಟಬಾರದು, ಅದು ಸರಿಯೇ. ಮುಟ್ಟಿದ್ದರೆ ನಮ್ಮವರೆಗೆ ಉಳಿಯುತ್ತಿರಲಿಲ್ಲ. ಆದರೆ ಅಂದು ಒಂದು ವಿಚಾರ ಹೊಳೆಯಿತು. ಉಳಿಸುವುದೆಂದರೆ ವಸ್ತುವನ್ನು ಬದುಕಿನಿಂದ ಸ್ವಲ್ಪ ದೂರ ಸರಿಸುವುದು. ನಮ್ಮ ಪಟ ಮ್ಯೂಸಿಯಮ್ಮಿನ ವಸ್ತುವಾದ ದಿನ ಅದಕ್ಕೆ ಕುಂಕುಮ ಇಡುವುದು ನಿಲ್ಲುತ್ತದೆ. ಇದೊಂದು ನಷ್ಟ. ಈ ನಷ್ಟಕ್ಕೆ ಬದಲಾಗಿ ಏನಾದರೂ ಸಿಗಬೇಕಲ್ಲ? ಯಾರಿಗೆ ಸಿಗಬೇಕು?

ಈ ಪ್ರಶ್ನೆ ಇನ್ನಷ್ಟು ಬಲವಾದದ್ದು ಅಹಮದಾಬಾದಿನ ಶಾಹಿಬಾಗಿನಲ್ಲಿ. ಅಲ್ಲಿ ಸಾರಾಭಾಯಿ ಕುಟುಂಬದ 'ರಿಟ್ರೀಟ್' ಎಂಬ ದೊಡ್ಡ ಮನೆ, ಮರಗಿಡಗಳ ನಡುವೆ ಇದೆ. ಈಗ ಅದು ಕ್ಯಾಲಿಕೊ ಬಟ್ಟೆ ಮ್ಯೂಸಿಯಂ. ಅಂಬಾಲಾಲ್ ಸಾರಾಭಾಯಿಯವರ ಮಕ್ಕಳಾದ ಗೌತಮ್ ಮತ್ತು ಗೀರಾ 1949ರಲ್ಲಿ ತಮ್ಮ ಕ್ಯಾಲಿಕೊ ಗಿರಣಿಯ ಆವರಣದಲ್ಲಿ ಇದನ್ನು ಶುರುಮಾಡಿದರು. ನೆಹರೂ ಬಂದು ಉದ್ಘಾಟಿಸಿದ್ದರು. 1980ರ ದಶಕದಲ್ಲಿ ಅದು ಮನೆಗೆ ಬಂತು. 'ಕ್ಯಾಲಿಕೊ' ಅನ್ನುವ ಹೆಸರು ಹುಟ್ಟಿದ್ದು ನಮ್ಮದೇ ಪಶ್ಚಿಮ ಕರಾವಳಿಯ ಕೋಳಿಕ್ಕೋಡಿನಿಂದ. ಹಡಗು ಏರಿ ಹೋದ ಹತ್ತಿಬಟ್ಟೆ ಬಂದರಿನ ಹೆಸರನ್ನೂ ಹೊತ್ತುಕೊಂಡು ಹೋಯಿತು. ನೇಯ್ದವರ ಹೆಸರನ್ನು ಮಾತ್ರ ಹೊರಲಿಲ್ಲ.

ಅಲ್ಲಿಗೆ ಸುಮ್ಮನೆ ಹೋಗಿ ನಿಂತರೆ ಆಗುವುದಿಲ್ಲ. ಮೊದಲೇ ಹೆಸರು ಕೊಡಬೇಕು, ಸಣ್ಣ ಗುಂಪಿನಲ್ಲಿ ಮಾರ್ಗದರ್ಶಿಯ ಹಿಂದೆ ಸಾಗಬೇಕು, ಫೋಟೋ ತೆಗೆಯುವಂತಿಲ್ಲ. ಮಂದ ಬೆಳಕು, ಯಾಕೆಂದರೆ ಬೆಳಕು ಬಣ್ಣವನ್ನು ತಿನ್ನುತ್ತದೆ. ಪಾಟಣದ ಪಟೋಲಾ ನೋಡಿದೆ. ನೇಯುವ ಮೊದಲೇ ಹಾಸು ಹೊಕ್ಕು ಎರಡೂ ದಾರಗಳನ್ನು ಲೆಕ್ಕ ಹಾಕಿ ಕಟ್ಟಿ ಬಣ್ಣದಲ್ಲಿ ಅದ್ದುತ್ತಾರೆ. ಮಗ್ಗದ ಮೇಲೆ ಆ ಎರಡೂ ಕೂಡಿದಾಗಲೇ ಆನೆ, ಗಿಳಿ, ಹೂವು ಮೂಡುವುದು. ಒಂದು ಸೀರೆಗೆ ತಿಂಗಳುಗಟ್ಟಲೆ ಬೇಕು. ಇಂಥ ಹಳೆಯ ಬಟ್ಟೆಗಳ ಊರು ಹೇಳಬಹುದು, ಕಾಲ ಹೇಳಬಹುದು. ನೇಯ್ದ ಕೈ ಯಾರದೆಂದು ಹೇಳಲಾಗುವುದಿಲ್ಲ, ಯಾಕೆಂದರೆ ಆ ಕಾಲದಲ್ಲಿ ಯಾರೂ ಬರೆದಿಡಲಿಲ್ಲ. ಇದು ಮ್ಯೂಸಿಯಮ್ಮಿನ ತಪ್ಪಲ್ಲ. ಬರೆಯಬೇಕಾದ ಸಮಯದಲ್ಲಿ ಬರೆಯದೆ ಹೋದದ್ದನ್ನು ಮುನ್ನೂರು ವರ್ಷದ ಮೇಲೆ ಯಾವ ಕಾಳಜಿಯೂ ತುಂಬಿಕೊಡಲಾರದು.

ಆ ಕಟ್ಟಡಗಳಲ್ಲಿ ಕೂರಿಸಿರುವ ಕೆತ್ತನೆಯ ಮರದ ಮುಖಮಂಟಪಗಳೂ ಬೇರೆಯವರ ಮನೆಗಳದ್ದು. ಗುಜರಾತಿನ ಊರುಗಳಲ್ಲಿ ಹಳೆಯ ಹವೇಲಿಗಳು ಬೀಳುವಾಗ ಅವನ್ನು ತಂದು ಇಲ್ಲಿ ಜೋಡಿಸಿದರು. ನಮ್ಮ ಮಣಿಪಾಲದಲ್ಲಿ ಬ್ಯಾಂಕ್ ನೌಕರರಾಗಿದ್ದ ವಿಜಯನಾಥ ಶೆಣೈ ಮಾಡಿದ್ದೂ ಇದೇ ಬಗೆಯ ಕೆಲಸ. ಕುಂಜೂರಿನ ಚೌಕಿಮನೆ, ಮಿಯಾರಿನ ಮನೆ, ಕುಕನೂರಿನ ಕಮಲ ಮಹಲ್, ಇವನ್ನೆಲ್ಲ ಬಿಚ್ಚಿ ತಂದು ಹಸ್ತಶಿಲ್ಪ ಪಾರಂಪರಿಕ ಗ್ರಾಮದಲ್ಲಿ ಮತ್ತೆ ನಿಲ್ಲಿಸಿದರು. ಅವರಿಲ್ಲದಿದ್ದರೆ ಆ ಕಂಬಗಳು ಸೌದೆಯಾಗುತ್ತಿದ್ದವು. ಹಾಗಾಗಿ ಉಳಿಸುವುದೇ ತಪ್ಪು ಅನ್ನುವ ವಾದ ನನ್ನದಲ್ಲ. ಸೌದೆಗಿಂತ ಮ್ಯೂಸಿಯಂ ಸಾವಿರ ಪಾಲು ಮೇಲು.

ಶಾಹಿಬಾಗಿನಿಂದ ಹೊರಗೆ ಬರುವಾಗ ನನ್ನ ತಲೆಯಲ್ಲಿದ್ದದ್ದು ಬಟ್ಟೆಗಿಂತ ಹೆಚ್ಚಾಗಿ ಆ ಕುಟುಂಬದ ಅಕ್ಕ ತಮ್ಮಂದಿರ ಕತೆ. 1918ರಲ್ಲಿ ಅಹಮದಾಬಾದಿನ ಗಿರಣಿ ಕೆಲಸಗಾರರು ಕೂಲಿಯಲ್ಲಿ ಶೇಕಡಾ 35 ಹೆಚ್ಚಳ ಕೇಳಿ ಕೆಲಸ ನಿಲ್ಲಿಸಿದರು. ಮಾಲೀಕರು 20ಕ್ಕಿಂತ ಹೆಚ್ಚು ಕೊಡಲು ಒಪ್ಪಲಿಲ್ಲ. ಮಾಲೀಕರ ಮುಂದಾಳು ಅಂಬಾಲಾಲ್. ಕೆಲಸಗಾರರ ಕಡೆ ಗಾಂಧೀಜಿಯ ಜೊತೆ ನಿಂತವರು ಅಂಬಾಲಾಲರ ಸ್ವಂತ ಅಕ್ಕ ಅನಸೂಯಾ. ಗಾಂಧೀಜಿ ಮೂರು ದಿನ ಉಪವಾಸ ಕೂತ ಮೇಲೆ ಎರಡೂ ಕಡೆಯವರು ಪಂಚಾಯ್ತಿಗೆ ಒಪ್ಪಿದರು. ಅದಕ್ಕೂ ಮೊದಲು, 1915ರಲ್ಲಿ, ಗಾಂಧೀಜಿ ತಮ್ಮ ಆಶ್ರಮಕ್ಕೆ ಅಸ್ಪೃಶ್ಯ ಕುಟುಂಬವೊಂದನ್ನು ಸೇರಿಸಿಕೊಂಡಾಗ ಊರಿನ ದಾನಿಗಳು ಕೈ ಎತ್ತಿದ್ದರು. ಆಗ ಕಾರಿನಲ್ಲಿ ಬಂದು, ಹೆಸರು ಬರೆಸಿಕೊಳ್ಳದೆ 13,000 ರೂಪಾಯಿ ಕೊಟ್ಟು ಹೋದವರೂ ಇದೇ ಅಂಬಾಲಾಲ್.

ಒಂದೇ ಮನೆತನ. ಹೊರಗೆ ನಿಂತವರಿಗೆ ಬಾಗಿಲು ತೆರೆಯಲು ಹಣ ಕೊಟ್ಟವನೂ, ಕೂಲಿ ಕೇಳಿದವರಿಗೆ ಬಾಗಿಲು ಹಾಕಿದವನೂ ಒಬ್ಬನೇ. ಎದುರು ಪಕ್ಷದಲ್ಲಿ ನಿಂತವಳು ಅವನ ಒಡಹುಟ್ಟಿದವಳೇ. ಇವತ್ತು ಕ್ಯಾಲಿಕೊ ಗಿರಣಿ ಇಲ್ಲ, ಮ್ಯೂಸಿಯಂ ಇದೆ. ಹಳೆಯ ಮನೆಯನ್ನು ಅರ್ಥ ಮಾಡಿಕೊಳ್ಳಲು ಅದರ ಚೆಂದ ಮಾತ್ರ ಸಾಲದು, ಅದರೊಳಗಿನ ಜಗಳವೂ ಬೇಕು ಅನ್ನಿಸಿತು. ಜಗಳ ಅಳಿಸಿ ಚೆಂದ ಮಾತ್ರ ಇಟ್ಟರೆ ಅದು ಕುಟುಂಬದ ಆಲ್ಬಮ್ ಆದೀತು. ಅದಕ್ಕೆ ಟಿಕೇಟು ಯಾಕೆ?

ಈಗ ಆ ಲೋಟದ ವಿಷಯ.

ನಮ್ಮ ಮನೆಯ ಕೊಟ್ಟಿಗೆಯ ಮಾಡಿನ ಸಂದಿಯಲ್ಲಿ ಒಂದು ಅಲ್ಯೂಮಿನಿಯಂ ಲೋಟ ಬೋರಲಾಗಿ ಸಿಕ್ಕಿಸಿರುತ್ತಿತ್ತು. ತೋಟದ ಕೆಲಸಕ್ಕೆ, ತೆಂಗಿನಕಾಯಿ ಹೊರಲಿಕ್ಕೆ, ಸೆಗಣಿ ಬಾಚಲಿಕ್ಕೆ ಬರುತ್ತಿದ್ದ ಹೆಂಗಸೊಬ್ಬಳದ್ದು. ಮಧ್ಯಾಹ್ನ ಅವಳೇ ಅದನ್ನು ತೆಗೆದು, ತೊಳೆದು, ಅಂಗಳದ ತುದಿಯಲ್ಲಿ ಹಿಡಿಯುತ್ತಿದ್ದಳು. ಅಜ್ಜಿ ಮೇಲಿನಿಂದ ಚಹಾ ಹೊಯ್ಯುತ್ತಿದ್ದಳು, ಪಾತ್ರೆ ಲೋಟಕ್ಕೆ ತಾಗದ ಹಾಗೆ. ಹೊಯ್ಯುವ ಕೆಲಸ ಕೆಲವೊಮ್ಮೆ ನನಗೆ ಬೀಳುತ್ತಿತ್ತು. ಎಂಟೊಂಬತ್ತು ವರ್ಷದ ಹುಡುಗ. ಎತ್ತರದಿಂದ ಒಂದು ಹನಿ ಚೆಲ್ಲದೆ ಹೊಯ್ದೆ ಎಂದು ಜಂಭಪಟ್ಟದ್ದು ನೆನಪಿದೆ. ಅಜ್ಜಿ ಕೆಟ್ಟವಳಾಗಿರಲಿಲ್ಲ. ಆ ಹೆಂಗಸಿಗೆ ಜ್ವರ ಬಂದರೆ ಕಷಾಯ ಕಳಿಸುತ್ತಿದ್ದಳು. ಆದರೆ ಲೋಟ ಮಾಡಿನಿಂದ ಕೆಳಗೆ ಬಂದು ಒಳಗಿನ ಲೋಟಗಳ ಜೊತೆ ಸೇರಲಿಲ್ಲ.

ಅಣ್ಣನಿಗೆ ಫೋನು ಮಾಡಿ, "ಆ ಲೋಟವನ್ನೂ ಪಟ್ಟಿಗೆ ಸೇರಿಸು" ಅಂದೆ. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದ. ಆಮೇಲೆ ಅಂದದ್ದು ಕೋಪದ ಮಾತಲ್ಲ, ಯೋಚಿಸಿದ ಮಾತು. "ನಮ್ಮ ನಾಚಿಕೆಯನ್ನು ನಾವೇ ಗಾಜಿನ ಪೆಟ್ಟಿಗೆಯಲ್ಲಿಟ್ಟು, 'ನೋಡಿ ಎಷ್ಟು ಪ್ರಾಮಾಣಿಕರು' ಅನ್ನಿಸಿಕೊಳ್ಳುವುದಾ? ಆಗಲೂ ಹೆಸರು ನಮಗೇ ಬಂತಲ್ಲ? ಅವಳಿಗೇನು ಸಿಕ್ಕಿತು?"

ಈ ಮಾತು ನನ್ನನ್ನು ಬಹಳ ದಿನ ಕಾಡಿತು. ಅವನ ಮಾತಿನಲ್ಲಿ ನಿಜವಿತ್ತು. ಲೋಟ ಬಚ್ಚಿಟ್ಟರೆ ಸುಳ್ಳು. ತೋರಿಸಿದರೆ ಅವಳ ಅವಮಾನ ನಮ್ಮ ಒಳ್ಳೆಯತನದ ಪ್ರದರ್ಶನ. ಎರಡು ಕಡೆಯೂ ಲಾಭ ಮನೆಯವರಿಗೇ. ಯಾಕೆ ಹೀಗಾಗುತ್ತದೆ ಎಂದು ಯೋಚಿಸಿದಾಗ ಕಂಡದ್ದು ಇಷ್ಟು. ಎರಡೂ ಕಡೆ ತೀರ್ಮಾನ ಮಾಡುತ್ತಿರುವವರು ನಾವೇ. ಪಟ್ಟಿ ನಮ್ಮದು, ಬೀಗದ ಕೈ ನಮ್ಮದು, ಪಶ್ಚಾತ್ತಾಪವೂ ನಮ್ಮದೇ. ಮನೆಯನ್ನು ಮ್ಯೂಸಿಯಂ ಮಾಡುವುದು ಎಂದರೆ ಗೋಡೆಗೆ ಸುಣ್ಣ ಬಳಿದು ಬೋರ್ಡು ಹಾಕುವುದಲ್ಲ, ಒಡೆತನದ ಒಂದು ಪಾಲನ್ನು ನಿಜವಾಗಿ ಬಿಟ್ಟುಕೊಡುವುದು. ಆ ಪಾಲು ಟಿಕೇಟು ಕೊಂಡು ಬರುವ ಅಪರಿಚಿತರಿಗೆ ಸಲ್ಲುವ ಮೊದಲು, ನೂರು ವರ್ಷ ಅಂಗಳದಲ್ಲೇ ನಿಂತವರಿಗೆ ಸಲ್ಲಬೇಕು. ಏನಿಡಬೇಕು, ಏನು ಬೇಡ ಎಂದು ಹೇಳುವ ಹಕ್ಕು ಅವರಿಗೂ ಇಲ್ಲದಿದ್ದರೆ, ಆ ಮನೆ ಬಾಗಿಲು ತೆರೆದರೂ ಹಳೆಯ ಮನೆಯೇ.

ಆ ಹೆಂಗಸು ತೀರಿಕೊಂಡು ವರ್ಷಗಳಾದವು. ಮಗಳು ಅಲ್ಲೇ ಊರಲ್ಲಿದ್ದಾಳೆ, ನನ್ನದೇ ವಯಸ್ಸು. ಯುಗಾದಿಗೆ ಊರಿಗೆ ಹೋದಾಗ ಅವಳ ಮನೆಗೆ ಹೋದೆ. ಕುರ್ಚಿ ಹಾಕಿದಳು, ಸ್ಟೀಲಿನ ಲೋಟದಲ್ಲಿ ಚಹಾ ಕೊಟ್ಟಳು. ಲೋಟವನ್ನು ನನ್ನ ಕೈಗೇ ಕೊಟ್ಟಳು. ನಾನು ಬಂದ ವಿಷಯ ಹೇಳಲು ತಡವರಿಸಿದೆ. ಅವಳು ಪೂರ್ತಿ ಕೇಳಿ, ಹೊರಗೆ ಒಣಗಲು ಹಾಕಿದ್ದ ಮೀನಿನ ಮೇಲೆ ಕಾಗೆ ಕೂತದ್ದನ್ನು ಓಡಿಸಿ ಬಂದು, "ಇಡೂದಾದ್ರೆ ಇಡಿ. ಎಸೆಯೂದಾದ್ರೆ ಎಸೀರಿ. ಇಟ್ರೆ ನಮ್ಮಬ್ಬಿ ಹೆಸ್ರು ಬರ್ದು ಇಡಿ" ಅಂದಳು.

ಹೂಂ ಅಂದೆ. ಅಂದ ಮೇಲೆ ಗೊತ್ತಾಯಿತು, ನನಗೆ ಅವಳ ಅಬ್ಬಿಯ ಹೆಸರೇ ಗೊತ್ತಿಲ್ಲ. ನಮ್ಮ ಮನೆಯಲ್ಲಿ ಎಲ್ಲರೂ ಅವಳನ್ನು 'ಹಿತ್ತಲಿನವಳು' ಅನ್ನುತ್ತಿದ್ದೆವು. ಅಣ್ಣನಿಗೂ ಗೊತ್ತಿರಲಿಲ್ಲ, ಅತ್ತೆಗೂ ಗೊತ್ತಿರಲಿಲ್ಲ. ಶಾಹಿಬಾಗಿನಲ್ಲಿ ನಿಂತು, ನೇಯ್ದವರ ಹೆಸರು ಯಾರೂ ಬರೆದಿಡಲಿಲ್ಲವಲ್ಲ ಎಂದು ಮರುಗಿದ್ದ ನಾನು, ಹದಿನೈದು ವರ್ಷ ಕಣ್ಣೆದುರಿಗಿದ್ದವಳ ಹೆಸರು ಕೇಳಿರಲಿಲ್ಲ. ಐವತ್ತೆರಡನೆಯ ವಯಸ್ಸಿನಲ್ಲಿ, ಅವಳ ಮಗಳ ಮನೆಯ ಕುರ್ಚಿಯಲ್ಲಿ ಕೂತು, ಕೇಳಿದೆ.

ಅವಳು ಹೇಳಿದಳು. ಚಂದದ ಹೆಸರು. ಇಲ್ಲಿ ಬರೆಯುವುದಿಲ್ಲ; ಅದನ್ನು ಮೊದಲು ಬರೆಯಬೇಕಾದ ಜಾಗ ಕೊಟ್ಟಿಗೆಯ ಮಾಡಿನ ಕೆಳಗಿದೆ. ಅಣ್ಣ ಪಟ್ಟಿಯನ್ನು ಮತ್ತೆ ಕಳಿಸಿದ್ದಾನೆ. ಈಗ ನಲವತ್ತೆರಡು ವಸ್ತುಗಳಿವೆ. ಉಳಿದ ನಲವತ್ತೊಂದರ ಬಗ್ಗೆಯೂ ಅವಳ ಮಗಳನ್ನು ಒಮ್ಮೆ ಕರೆದು, ಒಳಗೆ ಕೂರಿಸಿ, ಕೇಳಬೇಕು ಎಂದು ಬರೆದಿದ್ದಾನೆ.