ಗೋದಲಿಗೆ ಒಂದು ಹುಲ್ಲುಕಡ್ಡಿ



1223ರ ಕ್ರಿಸ್ಮಸ್ ರಾತ್ರಿ ಇಟಲಿಯ ಗ್ರೆಚ್ಚೊ ಎಂಬ ಊರಿನಲ್ಲಿ ಅಸ್ಸಿಸಿಯ ಸಂತ ಫ್ರಾನ್ಸಿಸರು ಗೋದಲಿಯೊಂದನ್ನು ಸಿದ್ಧಗೊಳಿಸಿದರು. ಅಲ್ಲಿದ್ದುದು ಹುಲ್ಲು ತುಂಬಿದ ಮೇವಿನ ತೊಟ್ಟಿ, ಎತ್ತು ಮತ್ತು ಕತ್ತೆ. ಬಡತನವೇ ಅದರ ಅಲಂಕಾರವಾಗಿತ್ತು. ಹೀಗಿರುವಾಗ ಅಂಗಡಿಯ ಥಳುಕಿಗಾಗಿ ನಾವೇಕೆ ಸಾಲ ಮಾಡಬೇಕು?

ಈ ಆಗಮನ ಕಾಲದಲ್ಲಿ ಮನೆಮಂದಿಯೆಲ್ಲ ಒಟ್ಟಿಗೆ ಕುಳಿತು ಕೈಯಾರೆ ಮಾಡಿರಿ. ಹಬ್ಬಕ್ಕೆ ಹತ್ತು ದಿನ ಮೊದಲು ತೆಂಗಿನ ಚಿಪ್ಪಿನಲ್ಲಿ ಮಣ್ಣು ತುಂಬಿ, ರಾಗಿ ಚೆಲ್ಲಿ, ದಿನವೂ ನೀರು ಚಿಮುಕಿಸಿರಿ. ಗೋದಲಿಗೆ ಹಸಿರು ಸಿದ್ಧವಾಗುತ್ತದೆ. ಬಿದಿರು ಕಡ್ಡಿಗಳಿಂದ ಐದು ಮೂಲೆಯ ಎರಡು ನಕ್ಷತ್ರಗಳನ್ನು ಕಟ್ಟಿ, ಒಂದರ ಮೇಲೊಂದಿಟ್ಟು ತುದಿಗಳನ್ನು ಬಿಗಿಯಿರಿ. ನಡುವೆ ಗಿಡ್ಡ ಕಡ್ಡಿಗಳನ್ನು ಸಿಕ್ಕಿಸಿದರೆ ಅದು ಉಬ್ಬುತ್ತದೆ. ಮೈದಾ ಅಂಟಿನಿಂದ ಬಣ್ಣದ ಕಾಗದ ಹಚ್ಚಿರಿ. ಒಳಗೆ ಮೇಣದಬತ್ತಿ ಬೇಡ, ಪುಟ್ಟ ಎಲ್‌ಇಡಿ ಬಲ್ಬ್ ಸಾಕು.

ಮೇವಿನ ತೊಟ್ಟಿಯನ್ನು ಮಾತ್ರ ಬರಿದಾಗಿಡಿ. ಮನೆಯಲ್ಲಿ ಯಾರು ಒಂದು ಸತ್ಕಾರ್ಯ ಮಾಡಿದರೂ ಅದರಲ್ಲಿ ಒಂದು ಹುಲ್ಲುಕಡ್ಡಿ ಇಡಲಿ. ಮಕ್ಕಳು ಬೇಗನೆ ಇಟ್ಟಾರು. ಹಿರಿಯರ ಪಾಲು ಕಷ್ಟದ್ದು: ಆಸ್ತಿಯ ಜಗಳದಲ್ಲಿ ಮಾತು ಬಿಟ್ಟ ಅಣ್ಣನ ಮನೆಯ ಬಾಗಿಲು ತಟ್ಟುವುದು, ಮೂಲೆಗೆ ಸರಿದ ಅತ್ತೆಯ ಬಳಿ ಕುಳಿತು ಉಣ್ಣುವುದು. ಆ ಕಡ್ಡಿಗಳಿಲ್ಲದಿದ್ದರೆ ನಕ್ಷತ್ರ ಎಷ್ಟು ಬೆಳಗಿದರೂ ಬಾಲಯೇಸುವಿಗೆ ಹಾಸಿಗೆಯಿಲ್ಲ.

ಬೆತ್ಲೆಹೇಮಿನಲ್ಲಿ ಮರಿಯಮ್ಮನವರಿಗೂ ಜೋಸೆಫರಿಗೂ ತಂಗಲು ಸ್ಥಳ ಸಿಗಲಿಲ್ಲವೆಂದು ಸಂತ ಲೂಕರು ತಿಳಿಸುತ್ತಾರೆ. ನಿಮ್ಮ ಮನೆಯಲ್ಲಿ ಸಿಗಲಿ. ಡಿಸೆಂಬರ್ 24ರ ರಾತ್ರಿ ಬಲಿಪೂಜೆಯಿಂದ ಮರಳಿದ ಮೇಲೆ, ಮನೆಯ ಕಿರಿಯ ಮಗು ಬಾಲಯೇಸುವನ್ನು ಆ ಹುಲ್ಲಿನ ಮೇಲೆ ಮಲಗಿಸಲಿ.