ಸ್ಟೇಜ್ ಮೇಲಿನ ಅಣ್ಣಾವ್ರು

ಬೆಂಗಳೂರಿನ ಹಳೇ ಬಡಾವಣೆಗಳಲ್ಲಿ ಅಣ್ಣಮ್ಮ ದೇವಿಯನ್ನು ಕೂರಿಸಿದರೆ ಒಂದು ರಾತ್ರಿಯಾದರೂ ಆರ್ಕೆಸ್ಟ್ರಾ ಇರಲೇಬೇಕು. ಗಣೇಶನಿಗೂ ಅದೇ ಮರ್ಯಾದೆ, ನವೆಂಬರ್ ಪೂರ್ತಿ ನಡೆಯುವ ರಾಜ್ಯೋತ್ಸವಕ್ಕೂ ಅದೇ. ರಸ್ತೆಗೆ ಅಡ್ಡಲಾಗಿ ಸ್ಟೇಜು, ಹಿಂದೆ ದಾನಿಗಳ ಮುಖ ತುಂಬಿದ ಫ್ಲೆಕ್ಸು, ಒಂದು ಕಡೆ ಕೀಬೋರ್ಡು, ಇನ್ನೊಂದು ಕಡೆ ರಿದಮ್ ಪ್ಯಾಡು. ಮೊದಲು ಎರಡು ಭಕ್ತಿಗೀತೆ, ಆಮೇಲೆ ಮುಖಂಡರಿಗೆ ಶಾಲು ಹಾರ, ಮತ್ತೆರಡು ಹಾಡು. ಅಲ್ಲಿಯವರೆಗೆ ಜನ ಬೋಂಡ ತಿನ್ನುತ್ತಾ, ಕಳೆದುಹೋದ ಮಕ್ಕಳನ್ನು ಹುಡುಕುತ್ತಾ, ಅರೆಮನಸ್ಸಿನಲ್ಲಿ ಕೂತಿರುತ್ತಾರೆ. ಅಷ್ಟರಲ್ಲಿ ನಿರೂಪಕ ದನಿ ಏರಿಸಿ ಜೂನಿಯರ್ ರಾಜ್‌ಕುಮಾರ್ ಬರುತ್ತಿದ್ದಾರೆಂದು ಕೂಗುತ್ತಾನೆ. ಬಿಳಿ ಪಂಚೆ, ಬಿಳಿ ಶರ್ಟಿನ ಒಬ್ಬರು ಒಳಗಿಂದ ಬಂದು, ಕೈಮುಗಿದು, ಸೊಂಟದವರೆಗೂ ಬಾಗಿ, ‘ಅಭಿಮಾನಿ ದೇವರುಗಳೇ’ ಅಂದದ್ದೇ ತಡ, ಕುರ್ಚಿಗಳೆಲ್ಲ ಖಾಲಿ. ಎಲ್ಲರೂ ಎದ್ದು ನಿಂತಿದ್ದಾರೆ.

ಬಂದವರು ರಾಜ್‌ಕುಮಾರ್ ಅಲ್ಲ ಎಂದು ಅಲ್ಲಿರುವ ಪ್ರತಿಯೊಬ್ಬರಿಗೂ ಗೊತ್ತು. ರಾಜ್ ಹೋಗಿದ್ದು 2006ರ ಏಪ್ರಿಲ್ 12ರಂದು. ಮುಂದಿನ ಸಾಲಿನಲ್ಲಿ ಬೆರಳು ಬಾಯಿಗಿಟ್ಟು ಶಿಳ್ಳೆ ಹಾಕುವ ಹುಡುಗ ಆ ದಿನ ಇನ್ನೂ ಹುಟ್ಟಿರಲಿಲ್ಲ. ಹಾಗಾದರೆ ಅವನ ಶಿಳ್ಳೆ ಸಲ್ಲುವುದು ಯಾರಿಗೆ? ಕಣ್ಣೆದುರು ಬಾಗಿ ನಿಂತಿರುವ ಈ ಮನುಷ್ಯನಿಗೋ, ಅವನು ಕಂಡೇ ಇರದ ಆ ಇನ್ನೊಬ್ಬರಿಗೋ?

ಓದಿಕೊಂಡವರು ಇದನ್ನು ಪ್ರಶ್ನೆಯೆಂದೇ ಎಣಿಸುವುದಿಲ್ಲ. ಅಭಿಮಾನದ ಹುಚ್ಚು, ಅಗ್ಗದ ಮಿಮಿಕ್ರಿ ಅಂದು ಕಾರಿನ ಗಾಜು ಏರಿಸಿಕೊಂಡು ಬೇರೆ ದಾರಿ ಹಿಡಿಯುತ್ತಾರೆ. ಸಂಗೀತ ಕಛೇರಿಯಲ್ಲಿ ಶಿಷ್ಯ ಗುರುವಿನ ಬನಿಯನ್ನೇ ಹಾಡಿದರೆ ಪರಂಪರೆ ಎಂದು ತಲೆದೂಗುವವರೂ ಇವರೇ. ಆರ್ಕೆಸ್ಟ್ರಾದ ಜೂನಿಯರ್‌ಗೆ ಆ ರಿಯಾಯಿತಿ ಇಲ್ಲ, ಅವನು ಡೂಪ್ಲಿಕೇಟು. ಈ ಮಾತಿನ ಹಿಂದೆ ಒಂದು ನಂಬಿಕೆಯಿದೆ: ಅಸಲಿ ವಸ್ತು ಬೇರೆಲ್ಲೋ ಇಡಿಯಾಗಿ ಇದೆ, ಇಲ್ಲಿರುವುದು ಅದರ ಕಳಪೆ ಪ್ರತಿ. ನನ್ನ ಅನುಮಾನವಿರುವುದು ಆ ‘ಇಡಿಯಾಗಿ’ ಎಂಬುದರ ಮೇಲೆಯೇ.

ವಿಷ್ಣುವರ್ಧನ್ ಚಿತ್ರದ ಒಂದು ಹಾಡನ್ನೇ ತೆಗೆದುಕೊಳ್ಳಿ. ಎಸ್.ಪಿ. ಬಾಲಸುಬ್ರಹ್ಮಣ್ಯಂ ಅದನ್ನು ಚೆನ್ನೈನ ಸ್ಟುಡಿಯೋದಲ್ಲಿ, ಮೈಕಿನ ಮುಂದೆ ಹಾಳೆ ಹಿಡಿದು ಹಾಡಿರುತ್ತಾರೆ. ಆಮೇಲೆಂದೋ, ಇನ್ನೆಲ್ಲೋ ಒಂದು ಬೆಟ್ಟದ ತಪ್ಪಲಲ್ಲಿ, ಸ್ಪೀಕರಿನಿಂದ ಬರುವ ಆ ದನಿಗೆ ವಿಷ್ಣು ತುಟಿ ಕೂಡಿಸಿರುತ್ತಾರೆ. ಅದೂ ತುಂಡು ತುಂಡಾಗಿ, ಪಲ್ಲವಿ ಇವತ್ತು, ಚರಣ ನಾಳೆ. ಎರಡನ್ನೂ ಜೋಡಿಸಿದ್ದು ಸಂಕಲನಕಾರನ ಮೇಜು. ನಾವು ವಿಷ್ಣು ಹಾಡು ಎಂದು ಎದೆಗಪ್ಪಿಕೊಂಡಿರುವುದು ಈ ಭೂಮಿಯ ಮೇಲೆ ಒಂದು ಕ್ಷಣವೂ ಒಂದೇ ಜಾಗದಲ್ಲಿ ನಡೆದದ್ದಲ್ಲ. ಸಾಲದ್ದಕ್ಕೆ ಎಸ್ಪಿಬಿ ಯಾವ ನಟನಿಗೆ ಹಾಡುತ್ತಿದ್ದರೋ ಆ ನಟನ ಧಾಟಿಗೆ ತಮ್ಮ ಕಂಠವನ್ನು ಹೊಂದಿಸಿಕೊಳ್ಳುವುದರಲ್ಲಿ ನಿಸ್ಸೀಮರಾಗಿದ್ದರು. ಸ್ಟುಡಿಯೋದಲ್ಲಿ ಗಾಯಕ ನಟನನ್ನು ಅನುಕರಿಸುತ್ತಿದ್ದ, ಲೊಕೇಶನ್ನಿನಲ್ಲಿ ನಟ ಗಾಯಕನನ್ನು ಅನುಕರಿಸುತ್ತಿದ್ದ. ಅಸಲಿ ಎಂದು ನಾವು ಕರೆಯುವುದೇ ಎರಡು ಅನುಕರಣೆಗಳ ಹೊಲಿಗೆ.

ಈಗ ಅದೇ ಹಾಡನ್ನು ಬೀದಿಯ ಸ್ಟೇಜಿನಲ್ಲಿ ನೋಡಿ. ಪಕ್ಕದಲ್ಲಿ ಒಬ್ಬ ಎಸ್ಪಿಬಿ ಕಂಠದಲ್ಲಿ ಹಾಡುತ್ತಿದ್ದಾನೆ, ನಡುವೆ ಜೂನಿಯರ್ ವಿಷ್ಣು ಮುಂಗೈಯ ಕಡಗ ತಿರುಗಿಸುತ್ತಾ ಹೆಜ್ಜೆ ಹಾಕುತ್ತಿದ್ದಾನೆ. ನನ್ನ ಕಣ್ಣು ಹೋಗುವುದು ಅವರಿಬ್ಬರ ನಡುವಿನ ಜಾಗಕ್ಕೆ. ಚರಣದ ಕೊನೆಗೆ ಜೂನಿಯರ್ ಸ್ಟೇಜಿನ ಅಂಚಿಗೆ ಬಂದು ಒಂದು ಮಗುವಿನ ಕೈ ಕುಲುಕಲು ಬಗ್ಗುತ್ತಾನೆ. ಅವನು ಮತ್ತೆ ನೆಟ್ಟಗಾಗುವವರೆಗೆ ಗಾಯಕ ಆ ಕೊನೆಯ ಸ್ವರವನ್ನು ಎಳೆದು ನಿಲ್ಲಿಸಿರುತ್ತಾನೆ. ಗಾಯಕನಿಗೆ ಉಸಿರು ಸಾಲದಾದರೆ ಜೂನಿಯರ್ ಒಂದು ಸುತ್ತು ಹೆಚ್ಚಿಗೆ ತಿರುಗಿ ಸಮಯ ಕೊಡುತ್ತಾನೆ. ಪ್ಯಾಡ್ ಬಾರಿಸುವವನು ಇಬ್ಬರನ್ನೂ ನೋಡಿಕೊಂಡು ಒಂದು ಉರುಳಿಕೆ ಸೇರಿಸುತ್ತಾನೆ. ಅಸಲಿ ಹಾಡಿನಲ್ಲಿ ಇಂಥದ್ದು ನಡೆಯಲು ಸಾಧ್ಯವೇ ಇರಲಿಲ್ಲ. ಬೇರೆ ದೇಶಗಳಲ್ಲಿ ಬೀಟಲ್ಸ್‌ಗೋ ಆಬಾಗೋ ಹೀಗೆ ತದ್ರೂಪಿ ತಂಡಗಳಿವೆ. ಅಲ್ಲಿ ನಕಲಿಗೆ ಒಂದು ಮೂಲ ಸಭೆ, ಮೂಲ ವೇದಿಕೆ ಇತ್ತು. ನಮ್ಮ ಸಿನಿಮಾ ಹಾಡಿನಲ್ಲಿ ದನಿ ಮತ್ತು ಮೈ ಒಂದೇ ಗಾಳಿ ಉಸಿರಾಡುವುದು ಈ ಡೂಪ್ಲಿಕೇಟುಗಳ ಸ್ಟೇಜಿನಲ್ಲೇ.

ರಾಜ್‌ಕುಮಾರ್ ವಿಷಯ ಬೇರೆ ಅನ್ನಬಹುದು. ನಿಜ. ಅವರು ಬಂದದ್ದೇ ಗುಬ್ಬಿ ಕಂಪನಿಯಂಥ ನಾಟಕದ ನೆಲೆಯಿಂದ. ಅಲ್ಲಿ ಪಾತ್ರ ಮಾಡುವವನೇ ಹಾಡಬೇಕು, ಜನ ವನ್ಸ್ ಮೋರ್ ಅಂದರೆ ಯುದ್ಧದ ನಡುವೆಯೂ ನಿಂತು ಮತ್ತೊಮ್ಮೆ ಹಾಡಬೇಕು. ಸಿನಿಮಾ ಬಂದು ದನಿಯನ್ನೂ ಮೈಯನ್ನೂ ಬೇರೆ ಮಾಡಿತು. ಸುಮಾರು ಎರಡು ದಶಕ ಪಿ.ಬಿ. ಶ್ರೀನಿವಾಸ್ ಅವರ ದನಿಯೇ ರಾಜ್ ದನಿ. 1974ರ ‘ಸಂಪತ್ತಿಗೆ ಸವಾಲ್’ ಚಿತ್ರದ ಎಮ್ಮೆ ಹಾಡಿನ ನಂತರ ರಾಜ್ ತಮ್ಮ ಹಾಡು ತಾವೇ ಹಾಡತೊಡಗಿದರು, ರಸಮಂಜರಿಗಳಲ್ಲೂ ಹಾಡಿದರು. ಆದರೆ ಜೂನಿಯರ್ ರಾಜ್‌ಕುಮಾರ್ ಸ್ಟೇಜಿನಲ್ಲಿ ಏನು ಮಾಡುತ್ತಾರೆ ನೋಡಿ: ಒಂದು ಹಾಡು ಶ್ರೀನಿವಾಸರ ಕಾಲದ್ದು, ಮುಂದಿನದು ರಾಜ್ ಸ್ವಂತ ದನಿಯದು. ಎರಡು ಬೇರೆ ಬೇರೆ ಕಂಠ, ಒಂದೇ ಪಂಚೆ. ಜನಸಂದಣಿಯಲ್ಲಿ ಒಬ್ಬನಾದರೂ ಇದು ಹೇಗೆ ಎಂದು ಕೇಳಿದ್ದನ್ನು ನಾನು ಕಂಡಿಲ್ಲ. ತಾನು ಬರೀ ಶರೀರ, ಶಾರೀರ ಶ್ರೀನಿವಾಸರದು ಎಂದು ರಾಜ್ ಹೇಳುತ್ತಿದ್ದರೂ ಅಭಿಮಾನಿ ಒಪ್ಪಿರಲಿಲ್ಲ. ಅವನ ಅಣ್ಣಾವ್ರ ಒಳಗೆ ಕಾಕಿನಾಡದಿಂದ ಬಂದ ಆ ಕಂಠವೂ ಮೊದಲಿಂದ ಸೇರಿಹೋಗಿತ್ತು.

ನಮ್ಮ ಕಾವ್ಯಮೀಮಾಂಸೆಯವರು ಸಾವಿರ ವರ್ಷದ ಹಿಂದೆಯೇ ಈ ಜಗಳ ಆಡಿ ಮುಗಿಸಿದ್ದಾರೆ. ನಟನನ್ನು ನೋಡುವಾಗ ಪ್ರೇಕ್ಷಕ ಇವನೇ ರಾಮ ಅಂದುಕೊಳ್ಳುವುದಿಲ್ಲ, ಇವನು ರಾಮನಲ್ಲ ಅಂತಲೂ ಅಂದುಕೊಳ್ಳುವುದಿಲ್ಲ, ರಾಮನೋ ಅಲ್ಲವೋ ಎಂಬ ಸಂಶಯವೂ ಅಲ್ಲ, ರಾಮನ ಹಾಗೆ ಇದ್ದಾನೆ ಎಂಬ ಹೋಲಿಕೆಯೂ ಅಲ್ಲ. ಚಿತ್ರದಲ್ಲಿ ಬರೆದ ಕುದುರೆಯನ್ನು ಕುದುರೆ ಎನ್ನುತ್ತೇವಲ್ಲ, ಅಂಥದೊಂದು ತಿಳಿವು ಅದು ಎಂದ ಶ್ರೀಶಂಕುಕ. ಜೂನಿಯರ್ ಮುಂದೆ ನಿಂತ ಜನಕ್ಕೆ ಈ ಮಾತು ಸರಿಯಾಗಿ ಹೊಂದುತ್ತದೆ. ಆದರೆ ಶಂಕುಕ ಇದನ್ನು ಅನುಕರಣೆ ಎಂದೇ ಕರೆದ. ಅಭಿನವಗುಪ್ತನ ಗುರು ಭಟ್ಟತೌತ ಅದಕ್ಕೆ ಬಿಡಲಿಲ್ಲ: ಒಂದನ್ನು ಇನ್ನೊಂದರ ಅನುಕರಣೆ ಎನ್ನಬೇಕಾದರೆ ಎರಡನ್ನೂ ಕಂಡಿರಬೇಕು, ರಾಮನನ್ನು ಕಂಡವರು ಯಾರು? ಈ ಆಕ್ಷೇಪ ನನಗೆ ಹಿಂದೆ ಬರೀ ತರ್ಕದ ಪಟ್ಟಿನಂತೆ ಕಾಣುತ್ತಿತ್ತು. ಆ ಶಿಳ್ಳೆಯ ಹುಡುಗನನ್ನು ನೋಡಿದರೆ ಹಾಗನ್ನಿಸುವುದಿಲ್ಲ. ಅವನು ಅಸಲಿಯನ್ನೂ ನಕಲಿಯನ್ನೂ ಪಕ್ಕಪಕ್ಕ ಇಟ್ಟು ತೂಗುತ್ತಿಲ್ಲ. ಅವನಿಗೆ ಸಿಕ್ಕಿರುವುದೇ ಇದು.

ಹಾಗೆಂದು ಇದಕ್ಕೆ ಪ್ರಭಾವಳಿ ಕಟ್ಟುವ ಉತ್ಸಾಹ ನನಗಿಲ್ಲ. ಅರ್ಧಕ್ಕರ್ಧ ಕಾರ್ಯಕ್ರಮಗಳು ಕಿವಿಗೆ ಶಿಕ್ಷೆ. ನಡುವೆ ಬರುವ ಹಾಸ್ಯ ಮುಜುಗರ ತರುತ್ತದೆ. ಖರ್ಚು ಉಳಿಸಲು ವಾದ್ಯದವರನ್ನು ಕಡಿಮೆ ಮಾಡಿ ಪೆನ್‌ಡ್ರೈವಿನ ಟ್ರ್ಯಾಕ್ ಹಾಕಿದ ಸ್ಟೇಜಿನಲ್ಲಿ, ಮೇಲೆ ಹೇಳಿದ ಆ ಕೊಡುಕೊಳ್ಳುವಿಕೆಯೇ ಸತ್ತುಹೋಗುತ್ತದೆ. ಟ್ರ್ಯಾಕು ಯಾರಿಗಾಗಿಯೂ ಕಾಯುವುದಿಲ್ಲ. ಕಾರ್ಯಕ್ರಮ ಮುಗಿದ ಮೇಲೆ ಸೆಲ್ಫಿಗೆ ಮುತ್ತುವ ಜನ ಜೂನಿಯರ್‌ನ ಭುಜದ ಮೇಲೆ ಕೈ ಹಾಕುತ್ತಾರೆ, ಹೆಸರು ಕೇಳುವುದಿಲ್ಲ. ಪೋಸ್ಟರಿನಲ್ಲೂ ಅವನ ಹೆಸರು ಅಪರೂಪ. ಒಬ್ಬ ಮನುಷ್ಯ ವರ್ಷಗಟ್ಟಲೆ ದುಡಿದು ಇನ್ನೊಬ್ಬನ ಹೆಸರನ್ನೇ ಬೆಳೆಸುವುದು ಭಕ್ತಿಯೋ ಹೊಟ್ಟೆಪಾಡೋ ಎಂದು ಕೇಳಿದರೆ, ಅವನೇ ಎರಡನ್ನೂ ಬಿಡಿಸಿ ಹೇಳಲಾರ.

ಅಭಿಮಾನಿಗಳ ಕಡೆಗೂ ಅಷ್ಟೇ ಗೋಜಲು. 2025ರ ಆಗಸ್ಟ್‌ನಲ್ಲಿ ಬೆಂಗಳೂರಿನ ಅಭಿಮಾನ್ ಸ್ಟುಡಿಯೋದಲ್ಲಿದ್ದ ವಿಷ್ಣುವರ್ಧನ್ ಸಮಾಧಿಯನ್ನು ಕೆಡವಿದಾಗ ಅಭಿಮಾನಿಗಳು ಬಂಧುವಿನ ಗೋರಿಗೆ ಅಪಚಾರವಾದಂತೆ ಸಂಕಟಪಟ್ಟರು. ಮೈಸೂರಿನಲ್ಲಿ ಸರ್ಕಾರಿ ಸ್ಮಾರಕ ಅದಾಗಲೇ ಎದ್ದಿತ್ತು, ಅದರಿಂದ ಸಮಾಧಾನವಾಗಲಿಲ್ಲ. ಕಲ್ಲಿನ ವಿಷಯದಲ್ಲಿ ಅಸಲಿ ಜಾಗವೇ ಬೇಕು, ಹಾಡಿನ ವಿಷಯದಲ್ಲಿ ಯಾರು ಬಂದು ಕುಣಿದರೂ ಸರಿ! ಇದು ವಿರೋಧಾಭಾಸವೆಂದು ಮೊದಲು ಅನ್ನಿಸುತ್ತದೆ. ಆದರೆ ಅಳಲು ಒಂದು ಜಾಗ ಬೇಕಾಗುತ್ತದೆ, ಕುಣಿಯಲು ಒಂದು ಜನ ಬೇಕಾಗುತ್ತದೆ. ಇವೆರಡನ್ನೂ ಒಂದೇ ತಕ್ಕಡಿಯಲ್ಲಿ ತೂಗಬೇಕಾಗಿಲ್ಲ.

ಅನುಕರಣೆ ಸ್ಟೇಜಿನಿಂದ ಕೆಳಗಿಳಿದು ನಡೆದದ್ದೂ ಉಂಟು. 1994ರಲ್ಲಿ ತಮ್ಮ ಹೆಸರಿನ ನೇತ್ರ ಬ್ಯಾಂಕ್ ಆರಂಭವಾದಾಗ ರಾಜ್‌ಕುಮಾರ್ ತಮ್ಮ ಇಡೀ ಕುಟುಂಬದ ಕಣ್ಣುಗಳನ್ನು ಕೊಡುವುದಾಗಿ ಹೇಳಿದ್ದರು. 2006ರಲ್ಲಿ ಅವರ ಕಣ್ಣುಗಳು, 2017ರಲ್ಲಿ ಪತ್ನಿ ಪಾರ್ವತಮ್ಮನವರವು ಹಾಗೆಯೇ ದಾನವಾಗಿ ಹೋದವು. 2021ರ ಅಕ್ಟೋಬರ್ 29ರಂದು ಮಗ ಪುನೀತ್, ಅಭಿಮಾನಿಗಳ ಅಪ್ಪು, ತೀರಿಕೊಂಡಾಗ ಅವರ ಕಾರ್ನಿಯಾಗಳನ್ನು ಪದರ ಬಿಡಿಸಿ ನಾಲ್ವರಿಗೆ ಜೋಡಿಸಿದರು. ಆ ವಾರಗಳಲ್ಲಿ ನೇತ್ರದಾನಕ್ಕೆ ಹೆಸರು ಬರೆಸಲು ಜನ ಸಾಲುಗಟ್ಟಿದರು. ನಡಿಗೆ, ನಗು, ಡೈಲಾಗು ಅನುಕರಿಸುವ ಅದೇ ಜನ. ಅಪ್ಪು ಹಾಗೆ ಕುಣಿಯಲು ಎಲ್ಲರಿಗೂ ಬರುವುದಿಲ್ಲ. ಅಪ್ಪು ಮಾಡಿದ ಈ ಕೆಲಸ ಯಾರಿಗೂ ಬರುತ್ತದೆ. ಹೀಗೆ ಕೊಟ್ಟ ಕಣ್ಣನ್ನು ನಕಲಿ ಎನ್ನಲು ಯಾರಿಗೂ ಬಾಯಿ ಬರಲಾರದು.

ಇಷ್ಟೆಲ್ಲ ಯೋಚನೆಗೆ ನನ್ನನ್ನು ಹಚ್ಚಿದವನು ಒಬ್ಬ ಜೂನಿಯರ್ ಶಂಕರ್‌ನಾಗ್. ಆಟೋ ಸ್ಟ್ಯಾಂಡಿನವರು ಚಂದಾ ಎತ್ತಿ ಮಾಡಿಸಿದ ಕಾರ್ಯಕ್ರಮ. 1980ರ ‘ಆಟೋ ರಾಜ’ ಬಂದಾಗಿನಿಂದ ಶಂಕರ್ ಆ ಸ್ಟ್ಯಾಂಡುಗಳ ಮನೆದೇವರು. ಈಗ ಆಟೋ ಓಡಿಸುವವರಲ್ಲಿ ಎಷ್ಟೋ ಮಂದಿ ಹುಟ್ಟಿದ್ದು ದಾವಣಗೆರೆ ಬಳಿ ಶಂಕರ್ ತೀರಿಕೊಂಡ ಅಪಘಾತದ ನಂತರ. ಆ ದಿನ, 1990ರ ಸೆಪ್ಟೆಂಬರ್ 30ರಂದು, ಶಂಕರ್‌ಗೆ 35 ವರ್ಷ. ಸ್ಟೇಜಿನಲ್ಲಿದ್ದವನಿಗೆ ಐವತ್ತು ದಾಟಿತ್ತು. ಖಾಕಿ ತೊಟ್ಟು, ವಿಗ್ ಏರಿಸಿ, ಅದೇ ಬಿರುಸಿನಲ್ಲಿ ಓಡಿ ಬಂದ. ಎರಡನೆಯ ಚರಣಕ್ಕೆ ಮಂಡಿ ಕೈಕೊಟ್ಟಿತೆಂದು ಕಾಣುತ್ತದೆ, ಜಿಗಿತ ಬಿಟ್ಟು ಹೆಜ್ಜೆಯನ್ನು ನಿಧಾನ ಮಾಡಿಕೊಂಡ. ಒಂದು ಕೈ ಸೊಂಟದ ಮೇಲೆ, ಭುಜ ಸ್ವಲ್ಪ ಬಾಗಿಸಿ, ತಾಳಕ್ಕೆ ತಲೆಯನ್ನಷ್ಟೇ ಆಡಿಸುತ್ತಾ ಸ್ಟೇಜಿನ ಉದ್ದಕ್ಕೂ ನಡೆದ. ಶಂಕರ್‌ನಾಗ್ ಯಾವ ಚಿತ್ರದಲ್ಲೂ ಹಾಗೆ ನಡೆದಿಲ್ಲ. ಹಾಗೆ ನಡೆಯುವ ವಯಸ್ಸು ಅವರಿಗೆ ಬರಲೇ ಇಲ್ಲ. ಪಕ್ಕದ ಆಟೋದ ಮೇಲೆ ಹತ್ತಿ ಕೂತಿದ್ದ ಹುಡುಗರಿಗೆ ಅದೇ ಹಿಡಿಸಿತು. ಹತ್ತು ಗಂಟೆಗೆ ಮೈಕ್ ನಿಲ್ಲಿಸಬೇಕೆಂದು ಪೊಲೀಸಿನವರು ಗಡಿಯಾರ ತೋರಿಸುತ್ತಿದ್ದರು. ಹುಡುಗರು ವನ್ಸ್ ಮೋರ್ ಎಂದು ಕೂಗಿದರು. ಓಡುವುದಲ್ಲ ಅಣ್ಣಾ, ಆ ನಡೆದೆಯಲ್ಲ, ಅದು.