ದೀಪವಿಲ್ಲದ ಊರು

ನಮ್ಮ ಕಡೆಯ ಕಂದಾಯ ದಫ್ತರದಲ್ಲಿ ಒಂದು ಮಾತಿದೆ: ಬೇಚಿರಾಕ. ಊರಿಗೆ ಹೆಸರಿರುತ್ತದೆ, ಸರ್ವೆ ನಂಬರು, ಪಹಣಿ, ಸೀಮೆಯ ಕಲ್ಲು ಎಲ್ಲವೂ ಇರುತ್ತವೆ. ಮನೆ ಒಂದೂ ಇರುವುದಿಲ್ಲ. ಪಾರಸಿಯಲ್ಲಿ ಚಿರಾಗ್ ಎಂದರೆ ದೀಪ. ದೀಪ ಹಚ್ಚುವವರಿಲ್ಲದ್ದು ಬೇಚಿರಾಕ. ಜನವಿಲ್ಲ ಎನ್ನದೆ ದೀಪವಿಲ್ಲ ಎಂದು ಬರೆದರಲ್ಲ, ಆ ಒಂದು ಮಾತಿನ ಮುಂದೆ ನಾನು ಎಷ್ಟೋ ಸಲ ಸುಮ್ಮನೆ ನಿಂತಿದ್ದೇನೆ.

ಅಬ್ಬಿಗೇರಿಯಲ್ಲಿ ಬೆಳೆದ ನನಗೆ ಹಾಳೂರು ಹೊಸದಲ್ಲ. ಎರಿ ಹೊಲದ ಕಪ್ಪಿನ ನಡುವೆ ಒಂದು ಕಡೆ ಮಣ್ಣು ಬೂದಿ ಬಣ್ಣಕ್ಕೆ ತಿರುಗುತ್ತದೆ. ಕುಂಟಿ ಹೊಡೆದರೆ ಗಡಿಗೆಯ ಚೂರು, ಬಳೆಯ ತುಂಡು ಮೇಲೆ ಬರುತ್ತವೆ. ಬೇವಿನ ಗಿಡದ ಬುಡದಲ್ಲಿ ಎಣ್ಣೆ ಕುಡಿದು ಕಪ್ಪಾದ ಹಾಳೂರ ಹನಮಪ್ಪ. ಇಲ್ಲಿಯ ಮಂದಿ ಎಲ್ಲಿ ಹೋದರು ಎಂದು ಚಿಕ್ಕವನಿದ್ದಾಗ ಅಜ್ಜನನ್ನು ಕೇಳಿದ್ದೆ. "ಇರುವಿ ಕಾಟಕ್ಕ ಬಿಟ್ರು ಅಂತಾರ, ದಂಡು ಬಂತು ಅಂತಾರ, ಭಾಂವಿ ನೀರು ಸವುಳಾತು ಅಂತಾರ. ಕಂಡವ್ರು ಯಾರದಾರಪಾ" ಎಂದಿದ್ದ. ಒಂದು ಊರು ಖಾಲಿಯಾಗಲು ಕಾರಣಗಳಿಗೆ ಇಲ್ಲಿ ಬರವಿರಲಿಲ್ಲ. 1791–92ರ ಡೋಗಿ ಬರದಲ್ಲಿ ಹೂಳುವವರಿಲ್ಲದೆ ತಲೆಬುರುಡೆಗಳು ಹೊಲದಲ್ಲೇ ಉಳಿದವು. 1876–78ರಲ್ಲಿ ಮತ್ತೆ ಬರ, ಅದರ ಬೆನ್ನಿಗೆ ಶತಮಾನದ ಕೊನೆಗೆ ಪ್ಲೇಗು.

ಮುಂದೆ ರೋಅನೋಕ್ ದ್ವೀಪದ ಕಥೆ ಓದಿದಾಗ ಅಜ್ಜನ ಧ್ವನಿಯೇ ಕೇಳಿಸಿತು. 1587ರಲ್ಲಿ ಸುಮಾರು 115 ಇಂಗ್ಲಿಷರು ಅಮೆರಿಕದ ಪೂರ್ವ ಕರಾವಳಿಯ ಆ ದ್ವೀಪದಲ್ಲಿ ನೆಲೆ ನಿಂತರು. ಅವರ ಮುಖ್ಯಸ್ಥ ಜಾನ್ ವೈಟ್. ಆಗಸ್ಟ್ 18ರಂದು ಅವನ ಮಗಳಿಗೆ ಹೆಣ್ಣು ಕೂಸು ಹುಟ್ಟಿತು. ವರ್ಜೀನಿಯಾ ಎಂದು ಹೆಸರಿಟ್ಟರು. ಕೂಸು ಇನ್ನೂ ಹಸಿಯಿರುವಾಗಲೇ ವೈಟ್ ಕಾಳುಕಡಿ ತರಲು ಇಂಗ್ಲೆಂಡಿಗೆ ಹೊರಟ. ಸ್ಪೇನಿನ ಜೊತೆಗಿನ ಯುದ್ಧ ಅವನನ್ನು ಮೂರು ವರ್ಷ ಅಲ್ಲೇ ಕಟ್ಟಿಹಾಕಿತು. 1590ರ ಆಗಸ್ಟಿನಲ್ಲಿ ಮರಳಿ ಬಂದ ರಾತ್ರಿ ದಡದ ಕಾಡಿನಲ್ಲಿ ಬೆಂಕಿ ಕಂಡಿತು. ದೋಣಿಯಲ್ಲೇ ಕುಳಿತು ಕಹಳೆ ಊದಿದರು, ತಮ್ಮೂರಿನ ಹಾಡು ಹಾಡಿದರು, ಕೂಗಿ ಕರೆದರು. ಯಾರೂ ಓಗೊಡಲಿಲ್ಲ. ಬೆಳಗಾದ ಮೇಲೆ ನೋಡಿದರೆ ಉರಿಯುತ್ತಿದ್ದದ್ದು ಹುಲ್ಲು ಮತ್ತು ಕೊಳೆತ ಮರ.

ಮನೆಗಳನ್ನು ಬಿಚ್ಚಿ ಒಯ್ದಿದ್ದರು. ಕೋಟೆಯ ಕಂಬದ ಮೇಲೆ ಕ್ರೊಅಟೊಅನ್ ಎಂದು ಕೊರೆದಿತ್ತು. ಅದು ದಕ್ಷಿಣಕ್ಕಿದ್ದ, ಸ್ನೇಹದ ಮೂಲನಿವಾಸಿಗಳ ದ್ವೀಪದ ಹೆಸರು. ಆಪತ್ತಿನಲ್ಲಿ ಹೋದರೆ ಶಿಲುಬೆಯ ಗುರುತು ಹಾಕಿರಬೇಕೆಂದು ಮೊದಲೇ ಮಾತಾಗಿತ್ತು; ಆ ಗುರುತು ಇರಲಿಲ್ಲ. ಬಿರುಗಾಳಿಯಿಂದಾಗಿ ವೈಟ್ ಆ ದ್ವೀಪಕ್ಕೆ ಹೋಗಲಾಗಲಿಲ್ಲ. ಮಗಳನ್ನೂ ಮೊಮ್ಮಗಳನ್ನೂ ಅವನು ಮತ್ತೆ ಕಾಣಲೇ ಇಲ್ಲ.

ಕೊಂದರು, ಹಸಿವಿನಿಂದ ಸತ್ತರು, ಸಮುದ್ರ ನುಂಗಿತು, ಮೂಲನಿವಾಸಿಗಳಲ್ಲಿ ಬೆರೆತರು: ಅಲ್ಲಿಯೂ "ಅಂತಾರ" ಮುಗಿದಿಲ್ಲ. 1998ರಲ್ಲಿ ಅಲ್ಲಿಯ ಹಳೆಯ ಸೈಪ್ರಸ್ ಮರಗಳ ಉಂಗುರ ಎಣಿಸಿದವರು, 1587ರಿಂದ 89ರವರೆಗಿನ ಬರ ಸುಮಾರು 800 ವರ್ಷಗಳಲ್ಲೇ ಭೀಕರವಾದದ್ದು ಎಂದರು. ಬರ ಎಂಬ ಮಾತು ಕಂಡೊಡನೆ ಆ ದೂರದ ಜನ ನನಗೆ ನಮ್ಮವರೇ ಆದರು. ಬರ ಬಿದ್ದರೆ ನಮ್ಮಲ್ಲಿ ಮಾಡುವುದೇನು? ಗುಳೆ ಹೋಗುವುದು. ರೋಣದಿಂದ, ಗಜೇಂದ್ರಗಡದಿಂದ ಗೋವಾಕ್ಕೆ, ಮಂಗಳೂರಿಗೆ ಈಗಲೂ ಹೋಗುತ್ತಾರೆ. ಗಂಟುಮೂಟೆ ಕಟ್ಟಿದವರು ತಾವು ಕಾಣೆಯಾದೆವೆಂದು ತಿಳಿಯುವುದಿಲ್ಲ. ಹೋದಲ್ಲಿ ಒಲೆ ಹೂಡುತ್ತಾರೆ. ಕಾಣೆಯಾಗುವುದು ಹುಡುಕಿಕೊಂಡು ಬಂದವನ ಕಣ್ಣಿಗೆ.

ನನ್ನನ್ನು ಬೆರಗಾಗಿಸುವುದು ಇನ್ನೊಂದು. ರೋಅನೋಕಿನವರು ಹೋಗುವ ಊರಿನ ಹೆಸರನ್ನು ಬಿಟ್ಟ ಊರಿನ ಕಂಬಕ್ಕೆ ಕೊರೆದರು. ನಮ್ಮವರು ಬಿಟ್ಟ ಊರಿನ ಹೆಸರನ್ನು ಹೋದ ಊರಿಗೆ ಹೊತ್ತೊಯ್ಯುತ್ತಾರೆ. ಹುಬ್ಬಳ್ಳಿಯಲ್ಲಿ ನೆಲೆಸಿದವರೂ ಅಬ್ಬಿಗೇರಿ ಎಂದೇ ಕರೆಸಿಕೊಳ್ಳುತ್ತಾರೆ. ಹೀಗಾಗಿ ಮನೆಯೊಂದೂ ಉಳಿಯದ ಊರು ಕೂಡ ಯಾರದೋ ಅಡ್ಡಹೆಸರಾಗಿ ಶಾಲೆಯ ಹಾಜರಿಯಲ್ಲಿ ದಿನಾ ಓಗೊಡುತ್ತಿರಬಹುದು.

ಒಂದು ಶ್ರಾವಣ ಶನಿವಾರ ಹಾಳೂರ ಹನಮಪ್ಪನ ಮುಂದೆ ವಯಸ್ಸಾದ ಹೆಂಗಸೊಬ್ಬಳು ಬತ್ತಿ ಹೊಸೆಯುತ್ತ ಕುಳಿತಿದ್ದಳು. ಬಸ್ಸಿಳಿದು ಹೊಲದ ದಾರಿಯಲ್ಲಿ ನಡೆದು ಬಂದಿದ್ದಳು, ಕಾಲ ತುಂಬ ಎರಿ ಮಣ್ಣು.

"ಯಾವೂರವ್ರು ಯವ್ವಾ?" ಎಂದೆ.

"ಇದ ಊರವ್ರಪಾ" ಎಂದವಳೇ ಗಾಳಿಗೆ ಕೈ ಅಡ್ಡ ಹಿಡಿದು ಕಡ್ಡಿ ಗೀರಿದಳು.